ಸೋಮಾರಿ ಅನ್ನುವ ಮುಂಚೆ

ತಮ್ಮಾ, ವಡೋದರಾದ ಗೋರ್ವಾ ಬಡಾವಣೆಯ ಕಾರ್ಖಾನೆಯಲ್ಲಿ ನಿನ್ನನ್ನು ಸೂಪರ್‌ವೈಸರ್ ಮಾಡಿದ್ದು ಕೇಳಿ ಖುಷಿಯಾಯಿತು. ಆದರೆ ಆಗಲೇ ‘ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ ಕಾಕಾ’ ಅಂತ ದೂರು ಶುರುಮಾಡಿದ್ದೀಯ. ಒಬ್ಬನನ್ನು ಸೋಮಾರಿ ಅನ್ನುವ ಮುಂಚೆ, ಮೈಮುರಿದು ದುಡಿದರೆ ಅವನಿಗೇನು ದಕ್ಕುತ್ತದೆ ಅಂತ ನೋಡು.

ವಡೋದರಾಕ್ಕೆ ಆಣಂದ್ ಹತ್ತಿರವೇ. ಅಲ್ಲಿಯ ಖೇಡಾ ಜಿಲ್ಲೆಯ ರೈತರು ಒಂದು ಕಾಲಕ್ಕೆ ಪೋಲ್ಸನ್ ಡೈರಿಯ ಗುತ್ತಿಗೆದಾರರಿಗೆ ಹಾಲು ಹಾಕುತ್ತಿದ್ದರು. ಅವರು ಹೇಳಿದ್ದೇ ರೇಟು. ಎಮ್ಮೆಗೆ ಒಂದು ಹಿಡಿ ಹಿಂಡಿ ಹೆಚ್ಚಿಗೆ ಇಟ್ಟರೂ ಲಾಭ ಮತ್ತೊಬ್ಬನ ಜೇಬಿಗೆ. ಹುರುಪು ಎಲ್ಲಿಂದ ಬಂದೀತು? ಸರ್ದಾರ್ ಪಟೇಲರ ಸಲಹೆಯಂತೆ 1946ರಲ್ಲಿ 15 ದಿನ ಹಾಲು ಹಾಕದೆ ಕೂತರು. ಅದೇ ಡಿಸೆಂಬರ್ 14ಕ್ಕೆ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಸ್ವಂತ ಒಕ್ಕೂಟ ನೋಂದಣಿಯಾಯಿತು. ಮುಂದೆ ಅದೇ ಅಮುಲ್ ಆಯಿತು. ಊರಿನ ಸಂಘದಲ್ಲಿ ಕಣ್ಣೆದುರೇ ಹಾಲು ಅಳೆದು, ಫ್ಯಾಟ್ ನೋಡಿ ದರ ಕಟ್ಟತೊಡಗಿದರು. ಬೆಳಿಗ್ಗೆ ಹಾಕಿದ ಹಾಲಿನ ದುಡ್ಡು ಸಂಜೆಗೆ ಕೈಗೆ ಬರತೊಡಗಿತು. ನೀರು ಬೆರೆಸಿದರೆ ತನ್ನ ದುಡ್ಡೇ ಖೋತಾ. ಜನ ಅವರೇ, ಎಮ್ಮೆಗಳೂ ಅವೇ, ಬದಲಾದದ್ದು ಲೆಕ್ಕ.

ಹಾಗಂತ ದುಡ್ಡೊಂದೇ ಸಾಕೆಂದು ತಿಳಿಯಬೇಡ. ಮುಂದೆ ಅಮುಲನ್ನು ಬೆಳೆಸಿದ ವರ್ಗೀಸ್ ಕುರಿಯನ್ನರು 1949ರಲ್ಲಿ ಆಣಂದ್‌ಗೆ ಬಂದದ್ದು ಸರಕಾರಿ ನೌಕರಿಯ ಬಾಂಡಿಗೆ ಕಟ್ಟುಬಿದ್ದು, ಒಲ್ಲದ ಮನಸ್ಸಿನಿಂದ. ಬಾಂಡಿನಿಂದ ಬಿಡುಗಡೆಯಾದರೂ ಅವರು ಊರು ಬಿಡಲಿಲ್ಲ. ‘ನೀವಿದ್ದರೆ ನಮ್ಮ ಕೆಲಸ ನಡೆಯುತ್ತದೆ’ ಅನ್ನುವ ಜನ ಅಲ್ಲಿದ್ದರು.

ಬಹುಮಾನದ ಆಸೆ ತೋರಿಸುವಾಗಲೂ ಹುಷಾರು. ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಖುಷಿಗಾಗಿ ಚಿತ್ರ ಬಿಡಿಸುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಅಂದರು. ಬಹುಮಾನವೇನೋ ಸಿಕ್ಕಿತು, ಆದರೆ ಆಮೇಲೆ ಉಳಿದವರಿಗಿಂತ ಅವರೇ ಬಣ್ಣದ ಪೆನ್ನು ಮುಟ್ಟುವುದು ಕಡಿಮೆಯಾಯಿತು. ತಾನಾಗಿ ಮಾಡುವವನಿಗೆ ಆಮಿಷ ಒಡ್ಡಿದರೆ, ಆಮಿಷ ನಿಂತ ದಿನ ಕೈಯೂ ನಿಂತೀತು.

ನೀನು ಇಷ್ಟು ಮಾಡು. ಲೇತ್ ಮೇಲಿರುವ ಹುಡುಗನಿಗೆ ಅವನ ಪೀಸುಗಳಲ್ಲಿ ಎಷ್ಟು ಪಾಸಾದವು, ಎಷ್ಟು ರಿಜೆಕ್ಟ್ ಆದವು, ಯಾಕೆ ಆದವು ಅಂತ ಅದೇ ಸಂಜೆ ತೋರಿಸು. ‘ಏನು ಬದಲಿಸಿದರೆ ಸರಿಹೋದೀತು?’ ಅಂತ ಅವನನ್ನೇ ಕೇಳು. ಹೇಳಿದ್ದು ಸರಿಯಿದ್ದರೆ ಅವನ ಹೆಸರು ಹೇಳಿಯೇ ಜಾರಿಗೆ ತಾ. ಅದಕ್ಕೂ ಮೊದಲು ಬಾಕಿ ಓವರ್‌ಟೈಮ್ ಚುಕ್ತಾ ಮಾಡಿಸು. ಉಪದೇಶ ಆಮೇಲೆ ನೋಡೋಣ. ಬಹುಶಃ ಅದರ ಅಗತ್ಯವೇ ಬೀಳಲಿಕ್ಕಿಲ್ಲ.