ಕರೆಗೆ ಓಗೊಡುವ ಕರ್ತವ್ಯ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ನದಿಯ ದಡದ ಮೇಲೆ ರಾಮನಾಥಪುರವೆಂಬ ಪುಣ್ಯಕ್ಷೇತ್ರವಿದೆ. ಮಾರ್ಗಶಿರ ಶುದ್ಧ ಷಷ್ಠಿಯಂದು ಇಲ್ಲಿ ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವ ಜರುಗುತ್ತದೆ. ಅದಕ್ಕೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಸುತ್ತಣ ಊರುಗಳ ಜನರು ತಾವಾಗಿಯೇ ಬಂದು ಸೇರುತ್ತಾರೆ. ಮದುವೆಯ ರೀತಿ ಬೇರೆ. ಕರೆಯದೆ ಮದುವೆಗೆ ಹೋಗುವಂತಿಲ್ಲ; ಕರೆದ ಮೇಲೆ ಸುಮ್ಮನಿರುವಂತೆಯೂ ಇಲ್ಲ. ಕರೆಯುವವರಿಗೊಂದು ಕರ್ತವ್ಯವಿರುವಂತೆ ಕರೆಸಿಕೊಂಡವರಿಗೂ ಒಂದು ಕರ್ತವ್ಯವಿದೆ.

ಹಿಂದೆ ಈ ಎರಡು ಕರ್ತವ್ಯಗಳೂ ಒಂದೇ ಹೊಸ್ತಿಲಲ್ಲಿ ನೆರವೇರುತ್ತಿದ್ದವು. ನಿಶ್ಚಿತಾರ್ಥದ ದಿನ ಲಗ್ನಪತ್ರಿಕೆಯನ್ನು ಬರೆದು, ಅದರ ಅಂಚುಗಳಿಗೆ ಅರಿಸಿನ ಕುಂಕುಮ ಹಚ್ಚಿ, ಮನೆದೇವರ ಮುಂದೆ ಇರಿಸುತ್ತಿದ್ದರು. ಬಳಿಕ ಮನೆಯ ಹಿರಿಯರು ಊರೂರಿಗೆ ಹೋಗಿ ಬಂಧುಗಳನ್ನು ಖುದ್ದಾಗಿ ಕರೆಯುತ್ತಿದ್ದರು. ಹೆಂಗಸರು ಕುಂಕುಮದ ಭರಣಿ ಹಿಡಿದು ನೆರೆಹೊರೆಯ ಮನೆಗಳಿಗೆ ಹೋಗುತ್ತಿದ್ದರು. ಕರೆಯುವ ಮಾತಿನಲ್ಲಿಯೇ ಲೆಕ್ಕವೂ ಅಡಗಿರುತ್ತಿತ್ತು. “ಮನೆಗೊಬ್ಬರಾದರೂ ಬನ್ನಿ” ಎಂದರೆ ಒಂದು ಅರ್ಥ. “ಆ ದಿನ ನಿಮ್ಮ ಮನೆಯಲ್ಲಿ ಒಲೆ ಹಚ್ಚಬೇಡಿ” ಎಂದರೆ ಮನೆಮಂದಿಗೆಲ್ಲ ಊಟ ತಮ್ಮಲ್ಲಿಯೇ ಎಂದು ಅರ್ಥ. ಕೇಳಿದವರು ಅಲ್ಲಿಯೇ ಉತ್ತರ ಹೇಳುತ್ತಿದ್ದರು. “ಮನೆಯಲ್ಲಿ ಬಾಣಂತಿ ಇದ್ದಾಳೆ ಅಣ್ಣಯ್ಯ, ನಾನು ಬರಲಾರೆ, ಹುಡುಗರನ್ನು ಕಳುಹಿಸುತ್ತೇನೆ” ಎಂದು ತಂಗಿ ಹೇಳಿದರೆ ಅಣ್ಣನಿಗೆ ಬೇಸರವಾಗುತ್ತಿರಲಿಲ್ಲ.

ಅಚ್ಚಿನ ಆಹ್ವಾನಪತ್ರಿಕೆ ಬಂದ ಮೇಲೆ ಕರೆಯು ದೂರದ ಊರುಗಳಿಗೂ ಸುಲಭವಾಗಿ ತಲಪಿತು. ಲಕೋಟೆಯನ್ನು ಅಂಟಿಸದೆ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ಅಂಚೆವೆಚ್ಚದಲ್ಲಿ ನೂರಾರು ಪತ್ರಿಕೆಗಳನ್ನು ಕಳುಹಿಸುತ್ತಿದ್ದರು. ಆದರೆ ಪತ್ರಿಕೆಯೊಡನೆ ಉತ್ತರ ಹಿಂದಿರುಗಿ ಬರುತ್ತಿರಲಿಲ್ಲ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬ ಒಕ್ಕಣೆ ಪ್ರೀತಿಯಿಂದ ಕೂಡಿದ್ದೇನೋ ನಿಜ. ಅದರಿಂದ ಬರುವವರು ಇಬ್ಬರೋ ಎಂಟು ಜನರೋ ತಿಳಿಯದು. ಪಾಶ್ಚಾತ್ಯರು ತಮ್ಮ ಆಹ್ವಾನಗಳ ಕೊನೆಯಲ್ಲಿ ‘ಆರ್. ಎಸ್. ವಿ. ಪಿ.’ ಎಂಬ ನಾಲ್ಕು ಅಕ್ಷರಗಳನ್ನು ಅಚ್ಚುಮಾಡಿಸುವುದುಂಟು. ದಯವಿಟ್ಟು ಉತ್ತರಿಸಿ ಎಂಬುದು ಆ ಫ್ರೆಂಚ್ ಮಾತಿನ ಅರ್ಥ. ನಮ್ಮಲ್ಲಿ ಅದು ಅಷ್ಟಾಗಿ ಬೇರೂರಲಿಲ್ಲ. “ಬರುತ್ತೀರೋ ಇಲ್ಲವೋ” ಎಂದು ಕೇಳುವುದು ಅನ್ನಕ್ಕೆ ಲೆಕ್ಕ ಹಾಕಿದಂತೆ ಎಂಬ ಸಂಕೋಚ ನಮ್ಮವರದು.

ಉತ್ತರ ಬಾರದಿದ್ದರೂ ಆಗ ಕಾರ್ಯ ಕೆಡುತ್ತಿರಲಿಲ್ಲ. ಅಡಿಗೆಯವರು ಮೊದಲನೆಯ ಪಂಕ್ತಿಯನ್ನು ನೋಡಿ ಮುಂದಿನ ಪಂಕ್ತಿಗೆ ಅಕ್ಕಿ ಹಾಕುತ್ತಿದ್ದರು. ಸಾಲದೆ ಬಂದರೆ ಪಕ್ಕದ ಮನೆಯಿಂದ ಅಕ್ಕಿ, ಬೇಳೆ, ಪಾತ್ರೆಗಳು ಬರುತ್ತಿದ್ದವು. ಮುಯ್ಯಿಯ ಪುಸ್ತಕವೂ ನೆರವಾಗುತ್ತಿತ್ತು. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಹೆಸರು, ಊರುಗಳ ಸಹಿತ ಅದರಲ್ಲಿ ಬರೆದಿರುತ್ತಿದ್ದರು. ಮುಯ್ಯಿಯನ್ನು ಹಿಂದಿರುಗಿಸಲು ಇರಿಸಿದ ಆ ಪುಸ್ತಕವೇ ಮುಂದಿನ ಮದುವೆಗೆ ಕರೆಯಬೇಕಾದವರ ಪಟ್ಟಿಯೂ ಆಗುತ್ತಿತ್ತು.

ಇಂದು ಅನೇಕ ಮದುವೆಗಳು ಕಲ್ಯಾಣಮಂಟಪಗಳಲ್ಲಿ ನಡೆಯುತ್ತವೆ. ಊಟಕ್ಕೆ ಎಲೆಯ ಲೆಕ್ಕದಲ್ಲಿ ಗುತ್ತಿಗೆ; ಸಂಖ್ಯೆಯನ್ನು ಮುಂಚಿತವಾಗಿಯೇ ಹೇಳಬೇಕು. ಮುನ್ನೂರು ಪತ್ರಿಕೆ ಹಂಚಿದ ಮನೆಯವರ ಕಷ್ಟವನ್ನು ಊಹಿಸಬಹುದು. ಪತ್ರಿಕೆಗೆ ಇಬ್ಬರಂತೆ ಬಂದರೆ 600 ಜನ. ಮೂವರಂತೆ ಬಂದರೆ 900. ಒಳ್ಳೆಯ ಮುಹೂರ್ತದ ದಿನ ಒಂದೇ ಮನೆಗೆ ಮೂರು ನಾಲ್ಕು ಕಡೆಯಿಂದ ಕರೆ ಬರುವುದರಿಂದ ಈ ಲೆಕ್ಕ ಮತ್ತಷ್ಟು ತೊಡಕಾಗುತ್ತದೆ. ಕಡಿಮೆ ಹೇಳಿದರೆ ಬಂದವರು ಹಸಿದು ಹೋದಾರೆಂಬ ಭಯ. ಹೆಚ್ಚು ಹೇಳಿದರೆ ಸಾಲ ಮಾಡಿ ತಂದ ಹಣ ಮಣ್ಣುಪಾಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2010ರ ದಶಕದ ಆರಂಭದಲ್ಲಿ 75 ಕಲ್ಯಾಣಮಂಟಪಗಳನ್ನು ಸಮೀಕ್ಷಿಸಿ, ಆ ನಗರದ ಮದುವೆಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಆಹಾರ ವ್ಯರ್ಥವಾಗುತ್ತದೆಂದು ಅಂದಾಜು ಮಾಡಿದರು. ಎಲೆಯಲ್ಲಿ ಬಿಟ್ಟು ಏಳುವುದೂ ವ್ಯರ್ಥಕ್ಕೆ ಕಾರಣವೇ. ಆದರೆ ಬಾರದವರಿಗಾಗಿ ಬೇಯಿಸಿದ ಅನ್ನವೂ ರೈತನು ಬೆವರು ಸುರಿಸಿ ಬೆಳೆದದ್ದೇ ಅಲ್ಲವೆ?

ಕೊರೋನಾ ವ್ಯಾಧಿ ಹರಡಿದ್ದ 2020ರ ಮೇ ತಿಂಗಳಲ್ಲಿ ಮದುವೆಗೆ 50ಕ್ಕಿಂತ ಹೆಚ್ಚು ಅತಿಥಿಗಳು ಸೇರಬಾರದೆಂದು ಸರಕಾರ ಆದೇಶಿಸಿತು. ಆಗ ಯಾರು ಬರುವರು, ಯಾರು ಬಾರರು ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಅನಿವಾರ್ಯವಾಯಿತು. ಆ ನಿರ್ಬಂಧ ಈಗಿಲ್ಲ. ಮೊದಲೇ ಮಾತಾಡಿಕೊಳ್ಳುವ ಪದ್ಧತಿ ಮಾತ್ರ ಉಳಿಯಬೇಕಾದುದು. ಈಗ ಪತ್ರಿಕೆಯ ಚಿತ್ರ ಕ್ಷಣಮಾತ್ರದಲ್ಲಿ ಮೊಬೈಲ್ ಫೋನಿಗೆ ಬರುತ್ತದೆ. ಮರುಕ್ಷಣವೇ ಕೈಮುಗಿದ ಚಿತ್ರವೊಂದು ಹಿಂದಿರುಗುತ್ತದೆ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ.

ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಮನೆಯಲ್ಲಿ ಅಕ್ಷರ ಬಲ್ಲ ಒಬ್ಬರು ಪಟ್ಟಿಯ ಹೊಣೆ ಹೊರಬೇಕು. ಹೆಸರು, ಊರು, ಪತ್ರಿಕೆ ತಲಪಿದ ದಿನ, ಬರುವವರ ಸಂಖ್ಯೆ ಎಂದು ನಾಲ್ಕು ಕಲಮುಗಳನ್ನು ಎಳೆದುಕೊಂಡರೆ ಸಾಕು. ಮದುವೆಗೆ ವಾರವಿರುವಾಗ ಒಬ್ಬೊಬ್ಬರನ್ನೂ ವಿಚಾರಿಸಬೇಕು. ವಿಚಾರಿಸುವ ರೀತಿಯಲ್ಲಿ ಸೌಜನ್ಯವಿರಬೇಕು. “ಬರುತ್ತೀರಾ?” ಎನ್ನುವುದಕ್ಕಿಂತ, “ಹಿಂದಿನ ದಿನವೇ ಬರುತ್ತೀರಾ ಚಿಕ್ಕಪ್ಪ? ಎಷ್ಟು ಜನರಿಗೆ ಮಲಗಲು ಅನುಕೂಲ ಮಾಡಲಿ?” ಎಂದು ಕೇಳಿದರೆ ಉಪಚಾರವೂ ಆಯಿತು, ಲೆಕ್ಕವೂ ಸಿಕ್ಕಿತು. ಮನೆಯ ವಿದ್ಯಾರ್ಥಿಗಳು ಸಂತೋಷದಿಂದ ಮಾಡಬಹುದಾದ ಕೆಲಸವಿದು.

ಕರೆಸಿಕೊಂಡವರೂ ತಮ್ಮ ಪಾಲಿನದನ್ನು ಮಾಡಬೇಕು. “ನೋಡೋಣ” ಎಂಬುದು ಉತ್ತರವಲ್ಲ. ಬರುವುದಾದರೆ ಎಷ್ಟು ಜನರೆಂದು ತಿಳಿಸಬೇಕು. ಬರಲಾಗದಿದ್ದರೆ ಅದನ್ನೂ ಕಾಲ ಮೀರುವ ಮುನ್ನ ಹೇಳಿ ಶುಭ ಕೋರಬೇಕು. ಬರುವೆನೆಂದು ಹೇಳಿ ತಪ್ಪಿಸಿಕೊಳ್ಳುವುದಕ್ಕಿಂತ ಬರಲಾರೆನೆಂದು ಮೊದಲೇ ಹೇಳುವುದು ದೊಡ್ಡ ಮರ್ಯಾದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮದುವೆ ಮಾಡುವವರ ಭಾರವನ್ನು ಹೇಳುತ್ತದೆ. ಒಂದು ಸಕಾಲದ ಮಾತಿನಿಂದ ಆ ಭಾರವನ್ನು ಹಗುರಗೊಳಿಸುವುದು ಅಕ್ಷತೆ ಹಾಕಿ ಹರಸುವುದಕ್ಕೆ ಸಮಾನವಾದ ಉಡುಗೊರೆ.