ಆಕ್ಸಿಜನ್ ಬಾಟಲಿಯ ನೀರು: ಕಮಲಾಪುರಕ್ಕೆ ಹೊರಟ ಸಿಸ್ಟರಿಗೆ ಕಿವಿಮಾತು

ಕಮಲಾಪುರದ ಸರ್ಕಾರಿ ದವಾಖಾನೆಗೆ ಡ್ಯೂಟಿಗೆ ಹೊರಟಿದ್ದೀಯಲ್ಲ ತಂಗಿ, ಕಲಬುರಗಿಯ ವಾರ್ಡುಗಳಲ್ಲೇ ತಲೆ ನೆರೆದವಳ ನಾಲ್ಕು ಮಾತು ಕೇಳು. ಸೂಜಿ, ಗಾಯ, ಡ್ರೆಸಿಂಗ್ ಎಂದರೆ ಎಲ್ಲರೂ ಎಚ್ಚರ. ರೋಗಿಯ ಉಸಿರಿಗೆ, ರಕ್ತಕ್ಕೆ ಹತ್ತಿರವಾಗುವ ನೀರಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

• ಆಕ್ಸಿಜನ್ ಫ್ಲೋಮೀಟರಿನ ಕೆಳಗೆ ತೂಗುವ ಬಾಟಲಿಯಿಂದ ಶುರು ಮಾಡು. ನೀರು ಇಳಿದಾಗ ಮೇಲಿಂದ ಮೇಲೆ ಸುರಿಯುವುದು ಕೆಟ್ಟ ರೂಢಿ. ಹಳೆ ನೀರಿನಲ್ಲಿದ್ದ ಸೂಡೊಮೊನಾಸ್ ಹೊಸ ನೀರಿನಲ್ಲೂ ಬೆಳೆಯುತ್ತದೆ. ಉಳಿದದ್ದನ್ನು ಪೂರ್ತಿ ಚೆಲ್ಲು, ಬಾಟಲಿ ತೊಳೆದು ಸೋಂಕು ಕಳೆದು ಒಣಗಿಸು, ಆಮೇಲೆ ಸ್ಟೆರೈಲ್ ನೀರನ್ನು ಗೆರೆಯವರೆಗೆ ಹಾಕು. ದಿನಕ್ಕೊಮ್ಮೆ ಇದು ಆಗಲೇಬೇಕು. ರೋಗಿ ಬದಲಾದರೆ ಬಾಟಲಿಯೂ ಬದಲಾಗಬೇಕು. ನಲ್ಲಿ ನೀರು ಬೇಡ, ಕುಡಿಯುವ ಫಿಲ್ಟರ್ ನೀರೂ ಬೇಡ.

• ಖಾಲಿ ಹಾಸಿಗೆಯ ಬಾಟಲಿ ಒಣಗಿಯೇ ಇರಲಿ. ತುರ್ತಿಗೆ ಬೇಕೆಂದು ತುಂಬಿಟ್ಟರೆ ಕ್ರಿಮಿ ಸಾಕಿದಂತೆ. ನಿಮಿಷಕ್ಕೆ 4 ಲೀಟರಿಗಿಂತ ಕಡಿಮೆ ಆಕ್ಸಿಜನ್ ಸ್ವಲ್ಪ ಹೊತ್ತು ಕೊಡುವಾಗ ದೊಡ್ಡವರಿಗೆ ಸಾಮಾನ್ಯವಾಗಿ ಆ ನೀರೇ ಬೇಕಾಗುವುದಿಲ್ಲ, ಡಾಕ್ಟರನ್ನು ಕೇಳು.

• ನಮ್ಮ ಬ್ಯಾಸಗಿ ನಿನಗೆ ಗೊತ್ತು. ಮೇ ತಿಂಗಳಲ್ಲಿ ಮಾಳಿಗೆ ಟಾಕಿಯ ನೀರು ಕೈಗೆ ಬಿಸಿ ತಾಗುತ್ತದೆ, ಆದರೆ ಕ್ರಿಮಿ ಸಾಯುವಷ್ಟು ಬಿಸಿ ಅದಲ್ಲ. ಲೆಜಿಯೊನೆಲ್ಲಾ 25ರಿಂದ 45 ಡಿಗ್ರಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. 60 ದಾಟಿದರೆ ಸಾಯುತ್ತದೆ. ಟಾಕಿ ತೊಳೆಸು, ಮುಚ್ಚಳ ಹಾಕಿಸು. ಬಳಸದೆ ಬಿಟ್ಟ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಹರಿಯಬಿಡು.

• ಸಿಂಕಿನ ಪಕ್ಕದಲ್ಲಿ ಇಂಜೆಕ್ಷನ್ ತಯಾರಿಸಬೇಡ. ಜಾಲಿಯ ಕೆಳಗಿನ ಲೋಳೆ ನೀರು ಬಿದ್ದಾಗ ಸಿಡಿಯುತ್ತದೆ.

• ಮುಂದೆ ಕಲಬುರಗಿಯ ಡಯಾಲಿಸಿಸ್ ವಾರ್ಡಿಗೆ ವರ್ಗವಾದರೆ ಇದನ್ನು ನೆನಪಿಡು. ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ತಾಸಿಗೆ 120 ಲೀಟರ್ ದ್ರವ ಒಬ್ಬ ರೋಗಿಯ ರಕ್ತದ ಪಕ್ಕದಲ್ಲೇ ಹರಿಯುತ್ತದೆ, ನಡುವೆ ಇರುವುದು ತೆಳು ಪೊರೆ ಮಾತ್ರ. ಕ್ಲೋರಿನ್ ಕೆಂಪು ರಕ್ತಕಣ ಒಡೆಯುವುದರಿಂದ ಇದ್ದಿಲ ಫಿಲ್ಟರ್ ಅದನ್ನು ತೆಗೆಯುತ್ತದೆ. ಆಮೇಲೆ ಆ ನೀರಿಗೆ ಕಾವಲೇ ಇಲ್ಲ. ಆರ್‌ಒ ದಾಟಿದ ಪೈಪಿನಲ್ಲೂ ಲೋಳೆ ಪದರ ಕಟ್ಟುತ್ತದೆ. ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ 100ಕ್ಕಿಂತ ಕಡಿಮೆ ಇರಬೇಕು, 50 ಮುಟ್ಟಿದಾಗಲೇ ಪೈಪ್ ಶುದ್ಧಿ ಮಾಡಿಸಬೇಕು. ಕಲ್ಚರ್ ರಿಪೋರ್ಟ್ ಫೈಲಿಗೆ ಸೇರುವ ಮೊದಲು ನೀನೇ ಓದು. ಅಂಕಿ ಏರುತ್ತಿದ್ದರೆ ಟೆಕ್ನಿಷಿಯನ್ನನ್ನು ಕರೆಸು, ಸುಮ್ಮನಿರಬೇಡ.

• ರೋಗಿಯನ್ನು ಮುಟ್ಟದ ನೀರೂ ಕೆಡುಕು ಮಾಡಬಲ್ಲದು. ಹೃದಯದ ಆಪರೇಷನ್ ವೇಳೆ ರಕ್ತದ ಬಿಸಿ-ತಂಪು ಕಾಯುವ ಹೀಟರ್-ಕೂಲರ್ ಯಂತ್ರದ ಟಾಕಿಯಲ್ಲಿ ಬೆಳೆದ ಮೈಕೊಬ್ಯಾಕ್ಟೀರಿಯಂ ಕಿಮೇರಾ ಗಾಳಿಯಲ್ಲಿ ತೇಲಿ ತೆರೆದ ಎದೆಗೆ ಸೇರಬಲ್ಲದೆಂದು ಜ್ಯೂರಿಕ್ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಕಾಯಿಲೆ ಕಾಣುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ. ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆಯಿದೆ; ಕವಾಟ ಹಾಕಿಸಿಕೊಂಡವರು ಕಮಲಾಪುರದಲ್ಲೂ ಸಿಗುತ್ತಾರೆ. ಅಂಥವರು ಬಿಡದ ಜ್ವರ, ಬೆವರು, ತೂಕ ಇಳಿತ ಎಂದು ಬಂದರೆ ಆಪರೇಷನ್ ಎಲ್ಲಿ, ಯಾವ ವರ್ಷ ಆಯಿತೆಂದು ಕೇಳಿ ಚೀಟಿಯಲ್ಲಿ ಬರೆ.

• ಮನೆಗೆ ನೆಬ್ಯುಲೈಜರ್ ಒಯ್ಯುವವರಿಗೆ ಹೇಳು: ಪ್ರತಿ ಸಲ ಕಪ್ಪು ಬಿಚ್ಚಿ ತೊಳೆಯಬೇಕು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಬೇಕು, ಸ್ವಚ್ಛ ಬಟ್ಟೆಯ ಮೇಲೆ ಒಣಗಿಸಬೇಕು. ಬರೀ ಹೇಳಿ ಕಳಿಸಬೇಡ ತಂಗಿ, ಒಮ್ಮೆ ನಿನ್ನೆದುರೇ ಮಾಡಿಸಿ ನೋಡು.