ಆಲುವಾದ ಬೋರ್ಡು



ನೀವು ಈಗ ಬೋರ್ಡು ಓದುತ್ತೀರಿ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಬೋರ್ಡು, ಆಸ್ಪತ್ರೆಯ ಬೋರ್ಡು. ಮೊದಲು "ಅಣ್ಣಾ, ಈ ಬಸ್ಸು ಎಲ್ಲಿಗೆ ಹೋಗ್ತದೆ?" ಎಂದು ಕೇಳಬೇಕಿತ್ತು. ಈಗ ಕೇಳುವ ಅಗತ್ಯ ಇಲ್ಲ. ಇವತ್ತಿನ ಪಾಠವೂ ಒಂದು ಬೋರ್ಡಿನ ಪಾಠ. ಆ ಬೋರ್ಡು ಇದ್ದದ್ದು ಕೇರಳದಲ್ಲಿ, ಆಲುವಾ ಎಂಬ ಊರಿನಲ್ಲಿ. ಅದನ್ನು ಹಾಕಿ ನೂರು ವರ್ಷ ದಾಟಿತು.

ಅದಕ್ಕೆ ಮೊದಲು ನಮ್ಮ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಎಲ್ಲರಿಗೂ ಒಂದೇ ಚಾಪೆ. ಒಂದು ಸಂಜೆ ಇಬ್ಬರು ಅಕ್ಕಂದಿರ ನಡುವೆ ಮಾತು ಬೆಳೆಯಿತು. ಒಬ್ಬರ ಮಗ ಪೇಟೆಯಿಂದ ಏನೋ ಸುದ್ದಿ ಕೇಳಿಕೊಂಡು ಬಂದಿದ್ದ. "ನಿಮ್ಮವರು ಹೀಗಂತೆ" ಎಂದರು ಒಬ್ಬರು. "ನಿಮ್ಮವರೇನು ಕಡಿಮೆಯಾ?" ಎಂದರು ಇನ್ನೊಬ್ಬರು. ಮಾತು ದೇವರವರೆಗೆ ಹೋಯಿತು. ಮರುದಿನ ಒಬ್ಬರು ಚಾಪೆಯ ಆ ತುದಿ, ಒಬ್ಬರು ಈ ತುದಿ. ಮೂರನೆಯ ದಿನ ಒಬ್ಬರು ಬರಲೇ ಇಲ್ಲ. ಎಲೆ ಕತ್ತರಿಸುವ ಕತ್ತರಿಯನ್ನು ಹನ್ನೊಂದು ವರ್ಷ ಹಂಚಿಕೊಂಡವರು ಅವರು!

ನಾನು ಟೀಚರು. ಆದರೂ ಏನು ಹೇಳಬೇಕೆಂದು ತೋಚಲಿಲ್ಲ. "ಎಲ್ಲ ಧರ್ಮವೂ ಒಂದೇ" ಎಂದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಎಷ್ಟೋ ಸಲ ಕೇಳಿ ಹಳತಾದ ಮಾತು ಅದು. ಮೂಲೆಯಲ್ಲಿದ್ದ ಅಜ್ಜಿ ಕೇಳಿದರು: "ಒಂದೇ ಅಂತ ನಿಮಗೆ ಹೇಗೆ ಗೊತ್ತು ಟೀಚರೇ? ಅವರ ಪುಸ್ತಕ ನೀವು ಓದಿದ್ದೀರಾ?"

ನಾನು ಓದಿರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅಜ್ಜಿಯ ಪ್ರಶ್ನೆಯೇ ತಲೆಯಲ್ಲಿತ್ತು. ಆಗ ನೆನಪಾದವರು ನಾರಾಯಣ ಗುರುಗಳು.

ನಾರಾಯಣ ಗುರುಗಳು ಹುಟ್ಟಿದ್ದು ತಿರುವನಂತಪುರದ ಹತ್ತಿರ, ಚೆಂಬಳಂದಿ ಎಂಬ ಹಳ್ಳಿಯಲ್ಲಿ. ಮನೆಯವರು ಕರೆಯುತ್ತಿದ್ದ ಹೆಸರು ನಾಣು. ಈಳವ ಜಾತಿ. ತಂದೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಕಾಲದಲ್ಲಿ ಈಳವರು ದೊಡ್ಡ ದೇವಸ್ಥಾನಗಳ ಒಳಗೆ ಹೋಗುವ ಹಾಗಿರಲಿಲ್ಲ. ಕೆಲವು ಕಡೆ ದೇವಸ್ಥಾನದ ಸುತ್ತಲಿನ ದಾರಿಯಲ್ಲೂ ನಡೆಯುವ ಹಾಗಿರಲಿಲ್ಲ. ಮೇಲಿನ ಜಾತಿಯವರು ಎದುರಿಗೆ ಬಂದರೆ ಇಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂಬ ಲೆಕ್ಕ ಇತ್ತು. ಓದಿದರೂ ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ. ಡಾಕ್ಟರ್ ಪಲ್ಪು ಎಂಬವರು ಡಾಕ್ಟರಿಕೆ ಕಲಿತರು. ಜಾತಿಯ ಕಾರಣಕ್ಕೆ ಅವರ ಊರಿನ ಸರ್ಕಾರ ಅವರಿಗೆ ಕೆಲಸ ಕೊಡಲಿಲ್ಲ. ನಮ್ಮ ಮೈಸೂರು ಸರ್ಕಾರ ಕೊಟ್ಟಿತು. ಬೆಂಗಳೂರಿಗೆ ಪ್ಲೇಗ್ ಬಂದಾಗ ರೋಗಿಗಳನ್ನು ನೋಡಿಕೊಂಡವರಲ್ಲಿ ಅವರೂ ಒಬ್ಬರು. ಇದೇ ಪಲ್ಪು ಮುಂದೆ ಗುರುಗಳ ಜೊತೆ ನಿಂತು ಕೆಲಸ ಮಾಡಿದರು.

ನಾಣು ಸಂಸ್ಕೃತ ಕಲಿತರು. ಮಕ್ಕಳಿಗೆ ಕಲಿಸಿದರು. ಆಮೇಲೆ ಮನೆ ಬಿಟ್ಟು ಊರೂರು ಅಲೆದರು. ಕನ್ಯಾಕುಮಾರಿಯ ಹತ್ತಿರದ ಮರುತ್ವಾಮಲೆ ಎಂಬ ಬೆಟ್ಟದ ಗುಹೆಯಲ್ಲಿ ಕೂತು ತಪಸ್ಸು ಮಾಡಿದರು.

ತಪಸ್ಸು ಮಾಡಿದವರು ಕಾಡಿನಲ್ಲೇ ಉಳಿಯಲಿಲ್ಲ. 1888ರ ಶಿವರಾತ್ರಿ. ಅರುವಿಪ್ಪುರಂ ಎಂಬಲ್ಲಿ ನೆಯ್ಯಾರ್ ಹೊಳೆಗೆ ಇಳಿದರು. ಹೊಳೆಯಿಂದ ಒಂದು ಕಲ್ಲು ಎತ್ತಿ ತಂದು ಶಿವ ಎಂದು ಪ್ರತಿಷ್ಠೆ ಮಾಡಿದರು. ಪ್ರತಿಷ್ಠೆ ಮಾಡುವ ಹಕ್ಕು ನಿನಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಬಂತು. ನಾನು ಪ್ರತಿಷ್ಠೆ ಮಾಡಿದ್ದು ಈಳವರ ಶಿವನನ್ನು ಎಂದರಂತೆ ಗುರುಗಳು. ಜಗಳಕ್ಕೆ ಬಂದವರಿಗೆ ಮುಂದೆ ಮಾತೇ ಇಲ್ಲದ ಹಾಗಾಯಿತು. ಅಲ್ಲಿ ಅವರು ಬರೆಸಿದ್ದು ಮಾತ್ರ ಈಳವರಿಗೆ ಎಂದಲ್ಲ. ಜಾತಿಯ ಭೇದ, ಮತದ ದ್ವೇಷ ಇಲ್ಲದೆ ಎಲ್ಲರೂ ಒಡಹುಟ್ಟಿದವರಂತೆ ಬಾಳುವ ಜಾಗ ಇದು ಎಂಬ ಅರ್ಥದ ಸಾಲುಗಳನ್ನು ಬರೆಸಿದರು. ಮತ ಎಂದರೆ ಇಲ್ಲಿ ಓಟು ಅಲ್ಲ, ಧರ್ಮ.

ಆಮೇಲೆ ಅವರು ತುಂಬಾ ಕಡೆ ದೇವಸ್ಥಾನ ಮಾಡಿಸಿದರು. ಬರಬರುತ್ತಾ ದೇವಸ್ಥಾನಕ್ಕಿಂತ ಶಾಲೆ ಹೆಚ್ಚು ಬೇಕು ಎಂದರು. ಒಂದು ಕಡೆ ದೇವರ ಜಾಗದಲ್ಲಿ ಬರೀ ದೀಪ ಇಟ್ಟರು. 1927ರಲ್ಲಿ ಕಳವಂಕೋಡ ಎಂಬಲ್ಲಿ ಕನ್ನಡಿ ಇಟ್ಟರು! ಕೈ ಮುಗಿಯಲು ಹೋದವರಿಗೆ ಕಂಡದ್ದು ತಮ್ಮದೇ ಮುಖ. ಮದುವೆಯ ಹೆಸರಲ್ಲಿ, ಹುಡುಗಿ ದೊಡ್ಡವಳಾದ ಹೆಸರಲ್ಲಿ ಸಾಲ ಮಾಡಿ ನಡೆಸುವ ದುಂದಿನ ಶಾಸ್ತ್ರಗಳನ್ನು ಬಿಡಿ ಎಂದೂ ಹೇಳಿದರು. ಈ ಮಾತನ್ನು ನಾವು ಇವತ್ತಿಗೂ ಕೇಳಿಸಿಕೊಂಡಿಲ್ಲ ಬಿಡಿ.

ಈಗ ಬೋರ್ಡಿನ ವಿಷಯಕ್ಕೆ ಬರೋಣ.

ಅಷ್ಟು ಅವಮಾನ ಸಹಿಸಿ ಈಳವರಲ್ಲಿ ಹಲವರಿಗೆ ಬೇಸರವಾಗಿತ್ತು. "ಹಿಂದೂಗಳಾಗಿ ಇದ್ದು ನಮಗೆ ಸಿಕ್ಕಿದ್ದೇನು? ಬೌದ್ಧರಾಗೋಣ" ಎಂದರು ಕೆಲವರು. "ಕ್ರೈಸ್ತರಾಗೋಣ" ಎಂದರು ಇನ್ನು ಕೆಲವರು. ಬೇಡ ಎನ್ನುವವರೂ ಇದ್ದರು. ಎಲ್ಲರೂ ಗುರುಗಳ ಬಾಯಿ ನೋಡುತ್ತಿದ್ದರು. ಗುರುಗಳು ಯಾರನ್ನೂ ಬೈಯಲಿಲ್ಲ. ಮತ ಯಾವುದಾದರೂ ಇರಲಿ, ಮನುಷ್ಯ ಒಳ್ಳೆಯವನಾದರೆ ಸಾಕು ಎಂಬುದು ಅವರ ಮಾತು. ಅವರ ಶಿಷ್ಯರಲ್ಲಿ ಸಹೋದರನ್ ಅಯ್ಯಪ್ಪನ್ ಎಂಬವರಿದ್ದರು. ಅವರು ಮನುಷ್ಯನಿಗೆ ಮತವೇ ಬೇಡ, ದೇವರೇ ಬೇಡ ಎನ್ನುತ್ತಿದ್ದರು. ಅವರನ್ನೂ ಗುರುಗಳು ದೂರ ಮಾಡಲಿಲ್ಲ.

1923ರಲ್ಲಿ ಇದೇ ಅಯ್ಯಪ್ಪನ್ ಜೊತೆ ಗುರುಗಳು ತುಂಬಾ ಹೊತ್ತು ಮಾತಾಡಿದರು. ಅವರು ಹೇಳಿದ್ದರ ಸಾರ ಇಷ್ಟು: ಎರಡು ದೇಶಗಳು ಜಗಳವಾಡಿದರೆ ಒಂದು ಸೋಲುತ್ತದೆ, ಒಂದು ಗೆಲ್ಲುತ್ತದೆ, ಅಲ್ಲಿಗೆ ಮುಗಿಯುತ್ತದೆ. ಮತ ಮತಗಳ ಜಗಳ ಹಾಗಲ್ಲ. ಒಂದು ಮತ ಇನ್ನೊಂದನ್ನು ಸೋಲಿಸಲು ಆಗುವುದೇ ಇಲ್ಲ. ಹಾಗಾಗಿ ಅದಕ್ಕೆ ಕೊನೆ ಇಲ್ಲ. ಕೊನೆ ಕಾಣಬೇಕಾದರೆ ಎಲ್ಲರೂ ಎಲ್ಲ ಮತಗಳನ್ನೂ ಸಮಾನ ಗೌರವದಿಂದ ಓದಬೇಕು. ಆಗ ಮುಖ್ಯ ವಿಷಯಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಎಂದು ಅವರವರಿಗೇ ತಿಳಿಯುತ್ತದೆ.

ನೋಡಿದಿರಾ? ಒಂದೇ ಎಂದು ನಂಬಿಬಿಡಿ ಎಂದು ಗುರುಗಳು ಹೇಳಲಿಲ್ಲ. ಓದಿ ನೋಡಿ ಎಂದರು. ನಮ್ಮ ಅಜ್ಜಿ ಕೇಳಿದ್ದೂ ಅದನ್ನೇ.

ಕುರುಡರು ಆನೆ ಮುಟ್ಟಿದ ಕಥೆ ನಿಮಗೆ ಗೊತ್ತು. ಕಾಲು ಮುಟ್ಟಿದವನು ಕಂಬ ಎಂದ, ಕಿವಿ ಮುಟ್ಟಿದವನು ಮೊರ ಎಂದ. ಮತಗಳ ಜಗಳ ಹೀಗೇ ಎಂದು ಗುರುಗಳು ತಮ್ಮ ಒಂದು ಪದ್ಯದಲ್ಲಿ ಹೇಳಿದ್ದಾರೆ. ನನಗೆ ಅನಿಸುವುದು, ಆ ಕುರುಡರು ಸುಳ್ಳು ಹೇಳಲಿಲ್ಲ. ಪಕ್ಕದವನ ಕೈಗೆ ಏನು ಸಿಕ್ಕಿದೆ ಎಂದು ಕೇಳಲಿಲ್ಲ, ಅಷ್ಟೇ.

1924ರ ಶಿವರಾತ್ರಿಗೆ ಗುರುಗಳು ಆಲುವಾದಲ್ಲಿ ಒಂದು ದೊಡ್ಡ ಸಭೆ ಸೇರಿಸಿದರು. ಪೆರಿಯಾರ್ ಹೊಳೆಯ ದಂಡೆಯಲ್ಲಿ ಅವರ ಅದ್ವೈತ ಆಶ್ರಮ ಇದೆ. ಅಲ್ಲೇ ಎರಡು ದಿನ ಸಭೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಬೌದ್ಧ ಮತಗಳನ್ನು ತಿಳಿದವರು ಬಂದರು. ಬ್ರಹ್ಮ ಸಮಾಜದವರು, ಆರ್ಯ ಸಮಾಜದವರೂ ಬಂದರು. ಮದರಾಸಿನ ಹೈಕೋರ್ಟಿನಲ್ಲಿ ಜಡ್ಜ್ ಆಗಿದ್ದ ಸದಾಶಿವ ಅಯ್ಯರ್ ಅಧ್ಯಕ್ಷರು. ಒಬ್ಬೊಬ್ಬರೂ ತಮ್ಮ ತಮ್ಮ ಮತದ ವಿಷಯ ಹೇಳಿದರು. ಉಳಿದವರು ಕೇಳಿದರು.

ಇಷ್ಟು ಮತದವರು ಒಂದು ಕಡೆ ಸೇರಿದರೆ ಜಗಳ ಆಗುವುದಿಲ್ಲವೇ? ಅದಕ್ಕೇ ಬೋರ್ಡು. ಬಂದವರ ಕಣ್ಣಿಗೆ ಬೀಳುವ ಹಾಗೆ ಬರೆಸಿ ಹಾಕಿದ್ದರು. ಇಲ್ಲಿ ಸೇರಿರುವುದು ವಾದ ಮಾಡಿ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಮತ್ತು ತಿಳಿಸುವುದಕ್ಕೆ ಎಂಬುದು ಅದರ ಅರ್ಥ.

ಸಭೆ ಮುಗಿಯಿತು. ಗುರುಗಳ ಆಸೆ ಮುಗಿಯಲಿಲ್ಲ. ವರ್ಕಲದ ಹತ್ತಿರ ಶಿವಗಿರಿಯಲ್ಲಿ ಎಲ್ಲ ಮತಗಳನ್ನೂ ಕಲಿಸುವ ಶಾಲೆ ಆಗಬೇಕು ಎಂದರು. 1925ರಲ್ಲಿ ಗಾಂಧೀಜಿ ಶಿವಗಿರಿಗೆ ಬಂದು ಗುರುಗಳನ್ನು ಕಂಡರು. 1928ರಲ್ಲಿ ಗುರುಗಳು ತೀರಿಕೊಂಡರು. ತಿರುವಾಂಕೂರಿನ ಸರ್ಕಾರಿ ದೇವಸ್ಥಾನಗಳ ಬಾಗಿಲು ಎಲ್ಲ ಜಾತಿಯ ಹಿಂದೂಗಳಿಗೆ ತೆರೆದದ್ದು 1936ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

ನಮ್ಮ ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ ನೀವು ಕೆಲವರು ನೋಡಿದ್ದೀರಿ. ದಸರಾದ ದೀಪ ನೋಡಲು ಹೋಗುತ್ತೇವಲ್ಲ, ಅದೇ. ಬಿಲ್ಲವರಿಗೂ ಆಗ ದೊಡ್ಡ ದೇವಸ್ಥಾನಗಳ ಒಳಗೆ ಬಿಡುತ್ತಿರಲಿಲ್ಲ. ಅವರ ಮುಖಂಡ ಕೊರಗಪ್ಪನವರು ಮತ್ತು ಇತರರು ಗುರುಗಳನ್ನು ಕರೆಸಿದರು. 1912ರಲ್ಲಿ ಗುರುಗಳೇ ಅಲ್ಲಿ ಶಿವನ ಪ್ರತಿಷ್ಠೆ ಮಾಡಿದರು. 2013ರಲ್ಲಿ ಅದೇ ದೇವಸ್ಥಾನದಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರನ್ನು ಪೂಜೆ ಮಾಡಲು ನೇಮಿಸಿದರು. ಇದನ್ನು ಹೇಳಿದಾಗ ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ ಸುಮ್ಮನೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಲುವಾದ ಬೋರ್ಡಿನ ಮಾತನ್ನು ನಾನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. "ತಿಳಿಯುವುದಕ್ಕೆ", "ತಿಳಿಸುವುದಕ್ಕೆ". ಎರಡೂ ಉದ್ದದ ಪದಗಳು. ಎಲ್ಲರೂ ಅಕ್ಷರ ಕೂಡಿಸಿ ಓದಿದರು. ಆಮೇಲೆ ಒಂದು ಆಟ ಆಡಿದೆವು. ಪ್ರತಿಯೊಬ್ಬರೂ ಪಕ್ಕದವರ ಹಬ್ಬದ ವಿಷಯ ಒಂದು ಪ್ರಶ್ನೆ ಕೇಳಬೇಕು. ಪಕ್ಕದವರು ಉತ್ತರ ಹೇಳಬೇಕು. ನಡುವೆ ಯಾರೂ ಬಾಯಿ ಹಾಕಬಾರದು. ಬಾಯಿ ಹಾಕದೆ ಕೂರುವುದೇ ಕಷ್ಟವಾಯಿತು, ನನಗೂ! ಉಪವಾಸದ ದಿನ ಮಕ್ಕಳಿಗೆ ಅಡುಗೆ ಮಾಡುವಾಗ ಉಪ್ಪು ಹೇಗೆ ನೋಡುತ್ತೀರಿ ಎಂದು ಒಬ್ಬರು ಕೇಳಿದರು. ಶಿಲುಬೆಯ ಮುಂದೆ ಏನು ಬೇಡುತ್ತೀರಿ ಎಂದು ಇನ್ನೊಬ್ಬರು. ಮಗನ ಕುಡಿತ ಬಿಡಲಿ ಅಂತ, ಎಂದರು ಆ ಕ್ರೈಸ್ತ ಅಕ್ಕ. ನಾನೂ ದೇವಸ್ಥಾನದಲ್ಲಿ ಅದನ್ನೇ ಬೇಡುವುದು ಎಂದರು ಕೇಳಿದವರು.

ಜಗಳವಾಡಿದ ಇಬ್ಬರಲ್ಲಿ ಒಬ್ಬರು ಅವತ್ತು ಇದ್ದರು. ಇನ್ನೊಬ್ಬರು ಇರಲಿಲ್ಲ. ಇದ್ದವರು ಏನೂ ಹೇಳಲಿಲ್ಲ. ಹೋಗುವಾಗ ಒಂದು ಪುಸ್ತಕ ಹೆಚ್ಚು ಕೇಳಿದರು. "ಯಾರಿಗೆ ಅಕ್ಕಾ?" ಎಂದೆ. "ಅವಳ ಮನೆ ನನ್ನ ದಾರಿಯಲ್ಲೇ ಅಲ್ವಾ" ಎಂದರು.

ಓದಿದಿರಲ್ಲ, ಈಗ ಮಾತಾಡಿ. ನಿಮ್ಮ ಪಕ್ಕದ ಮನೆಯವರ ಧರ್ಮದ ವಿಷಯ ನಿಮಗೆ ಗೊತ್ತಿರುವುದು ಏನೇನು? ಅದನ್ನು ಅವರಿಂದಲೇ ಕೇಳಿದ್ದೋ, ಬೇರೆಯವರಿಂದ ಕೇಳಿದ್ದೋ? ಅವರನ್ನು ಕೇಳಬೇಕು ಎಂದಿರುವ ಒಂದು ಪ್ರಶ್ನೆಯನ್ನು ನಿಮ್ಮ ಕೈಯಾರೆ ಇಲ್ಲಿ ಬರೆಯಿರಿ.